ಅರವತ್ತರ ನಂತರ ಓಟ, ಪೆಡಲು, ಮತ್ತೆ ಓಟ

ಬೆಂಗಳೂರಿನ ವಿಜಯನಗರದ ಆರ್‌ಪಿಸಿ ಲೇಔಟಿನ ಉದ್ಯಾನಗಳಲ್ಲಿ ಬೆಳಗಿನ ಆರು ಗಂಟೆಗೆ ನಡೆಯುವುದು ಹಿರಿಯರ ದರ್ಬಾರು. ಪಕ್ಕದ ಅತ್ತಿಗುಪ್ಪೆ, ಚಂದ್ರಾ ಲೇಔಟುಗಳಲ್ಲೂ ಅಷ್ಟೆ. ಮಂಕಿ ಟೋಪಿ ಹಾಕಿದವರು, ಮಫ್ಲರ್ ಸುತ್ತಿದವರು, ಸೀರೆಯ ಕೆಳಗೆ ಶೂ ತೊಟ್ಟವರು ಎಲ್ಲರೂ ಒಂದೇ ದಿಕ್ಕಿನಲ್ಲಿ, ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸುತ್ತು ಹಾಕುತ್ತಾರೆ. ನಿವೃತ್ತಿಯ ನಂತರ ವ್ಯಾಯಾಮ ಎಂದರೆ ವಾಕಿಂಗ್, ವಾಕಿಂಗ್ ಎಂದರೆ ನಾಲ್ಕಾರು ಸುತ್ತು, ಆಮೇಲೆ ಕಲ್ಲುಬೆಂಚಿನ ಮೇಲೆ ರಾಜಕೀಯ, ಆಮೇಲೆ ಬೈ ಟು ಕಾಫಿ. ಇದನ್ನು ಹಗುರವಾಗಿ ನೋಡುವಂತಿಲ್ಲ. 2022ರಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಆರೋಗ್ಯಕ್ಕೆ ಬೇಕಾದಷ್ಟು ಮೈ ಬಗ್ಗಿಸುತ್ತಿರಲಿಲ್ಲ ಎಂದು ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಹೇಳುತ್ತದೆ. ಹೆಂಗಸರಲ್ಲಿ ಆ ಪ್ರಮಾಣ ಶೇ 57. ಅಂಥ ದೇಶದಲ್ಲಿ ದಿನಾ ನಡೆಯುವವರು ಮೇಲಿನ ಸಾಲಿನವರೇ. ನನ್ನ ತಕರಾರು ನಡಿಗೆಯ ಮೇಲಲ್ಲ, ಅರವತ್ತಾದ ಮೇಲೆ ನಡಿಗೆಗಿಂತ ಆಚೆ ಏನೂ ಇಲ್ಲ, ಇರಲೂ ಬಾರದು ಎಂಬ ಒಪ್ಪಂದದ ಮೇಲೆ. ವಯಸ್ಸಾದ ದೇಹ ಕಳೆದುಕೊಳ್ಳುವುದನ್ನು ತಡೆಯಲು ನಿಧಾನದ ನಡಿಗೆಯೊಂದೇ ಸಾಲದು. ಆಗಾಗ ಏದುಸಿರು ಬರಬೇಕು, ತೊಡೆಗೆ ಭಾರ ಬೀಳಬೇಕು, ತೂಗಿಸಿಕೊಂಡು ನಿಲ್ಲುವ ಕಸರತ್ತೂ ಬೇಕು. ಇಷ್ಟನ್ನೂ ಒಂದೇ ಕಟ್ಟಿನಲ್ಲಿ ಕೊಟ್ಟು, ಜೊತೆಗೆ ಕ್ಯಾಲೆಂಡರಿನಲ್ಲಿ ಒಂದು ದಿನಾಂಕವನ್ನೂ ಗುರುತು ಮಾಡಿಸುವ ಆಟವೊಂದಿದೆ: ಸ್ಪ್ರಿಂಟ್ ಡ್ಯುಯಥ್ಲಾನ್. ಹವ್ಯಾಸಿ ಹಿರಿಯರಿಗೆ ಮ್ಯಾರಥಾನಿಗಿಂತ, ಟ್ರಯಥ್ಲಾನಿಗಿಂತ ಹೊಂದುವ ಸ್ಪರ್ಧೆ ಇದೇ ಎಂಬುದು ಈ ಲೇಖನದ ವಾದ.

ಆಟ ಸರಳ. ಮೊದಲು 5 ಕಿ.ಮೀ. ಓಟ, ನಂತರ 20 ಕಿ.ಮೀ. ಸೈಕಲ್, ಕೊನೆಗೆ ಮತ್ತೆ 2.5 ಕಿ.ಮೀ. ಓಟ. ಅಂತರರಾಷ್ಟ್ರೀಯ ಒಕ್ಕೂಟವಾದ ವರ್ಲ್ಡ್ ಟ್ರಯಥ್ಲಾನ್ ಗುರುತಿಸುವ ಸ್ಪ್ರಿಂಟ್ ದೂರ ಇದು. ಸ್ಥಳೀಯ ಆಯೋಜಕರು ಅಲ್ಪಸ್ವಲ್ಪ ಹೆಚ್ಚುಕಡಿಮೆ ಮಾಡುವುದುಂಟು. ಓಟ ಮುಗಿಸಿ ಬಂದವರು ನಿಗದಿಯಾದ ಆವರಣದಲ್ಲಿ ಸೈಕಲ್ ತೆಗೆದುಕೊಳ್ಳಬೇಕು, ಸ್ಟ್ಯಾಂಡಿನಿಂದ ಸೈಕಲ್ ಎತ್ತುವ ಮೊದಲೇ ಹೆಲ್ಮೆಟ್ಟಿನ ಪಟ್ಟಿ ಬಿಗಿದಿರಬೇಕು, ಗೆರೆ ದಾಟಿದ ಮೇಲಷ್ಟೇ ಹತ್ತಬೇಕು, ವಾಪಸು ಬರುವಾಗ ಗೆರೆಗೆ ಮೊದಲೇ ಇಳಿಯಬೇಕು. ಸ್ವಿಟ್ಜರ್ಲೆಂಡಿನ ಝೋಫಿಂಗನ್ ಊರಿನಲ್ಲಿ 1989ರಿಂದ ನಡೆಯುತ್ತಿರುವ ಪವರ್‌ಮ್ಯಾನ್ ಎಂಬ ದೀರ್ಘ ಡ್ಯುಯಥ್ಲಾನ್ ಈ ಆಟಕ್ಕೆ ಹೆಸರು ತಂದುಕೊಟ್ಟಿತು. ಆದರೆ ಅದು ಗಟ್ಟಿಗರ ಸಾಹಸ, ನಮ್ಮ ಮಾತು ಅದರದ್ದಲ್ಲ. ಸ್ಪ್ರಿಂಟಿನ ಲೆಕ್ಕ ಎಷ್ಟು ಸಾಧಾರಣ ನೋಡಿ. ಅರವತ್ತೆರಡರ ಒಬ್ಬರು ಕಿ.ಮೀ.ಗೆ ಏಳು ನಿಮಿಷದಂತೆ ಕುಕ್ಕುಲೋಟದಲ್ಲಿ ಹೋದರೆ ಮೊದಲ ಓಟಕ್ಕೆ 35 ನಿಮಿಷ. ಗಂಟೆಗೆ 22 ಕಿ.ಮೀ. ವೇಗದಲ್ಲಿ ಪೆಡಲ್ ತುಳಿದರೆ ಸೈಕಲ್ಲಿಗೆ 55 ನಿಮಿಷ. ದಣಿದ ಕಾಲಿನಲ್ಲಿ ಕೊನೆಯ ಓಟಕ್ಕೆ 20 ನಿಮಿಷ ಇಟ್ಟುಕೊಳ್ಳೋಣ. ಶೂ ಕಟ್ಟಿಕೊಳ್ಳುವುದು, ನೀರು ಕುಡಿಯುವುದು ಸೇರಿದರೂ ಎರಡು ಗಂಟೆಯೊಳಗೆ ಎಲ್ಲ ಮುಗಿದು, ಒಂಬತ್ತಕ್ಕೆಲ್ಲ ಮನೆಯಲ್ಲಿ ತಿಂಡಿಗೆ ಕೂರಬಹುದು. ಮದುವೆ ಮನೆಯಲ್ಲಿ ಮುಯ್ಯಿ ಕೊಡಲು ಸಾಲು ನಿಲ್ಲುವುದಕ್ಕೂ ಕೆಲವೊಮ್ಮೆ ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಮುಪ್ಪು ದೇಹಕ್ಕೆ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಈಗ ಒಳ್ಳೆಯ ಉತ್ತರಗಳಿವೆ. ದೇಹ ಒಂದು ನಿಮಿಷದಲ್ಲಿ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬ ಅಳತೆ ಕಸುವಿನ ಒರೆಗಲ್ಲು. ಮೂವತ್ತರ ನಂತರ ಅದು ದಶಕಕ್ಕೆ ಸುಮಾರು ಶೇ 10ರಷ್ಟು ಇಳಿಯುತ್ತದೆ. ಬಿಡದೆ ಕಸರತ್ತು ಮಾಡುವವರಲ್ಲಿ ಇಳಿಕೆ ನಿಧಾನ. ಹಾಗಾದರೆ ಇಳಿದದ್ದರಲ್ಲಿ ವಯಸ್ಸಿನ ಪಾಲೆಷ್ಟು, ಸುಮ್ಮನೆ ಕೂತದ್ದರ ಪಾಲೆಷ್ಟು? ಅಮೆರಿಕದ ಡಲ್ಲಾಸ್‌ನಲ್ಲಿ 1966ರಲ್ಲಿ ಇಪ್ಪತ್ತರ ಹರೆಯದ ಐವರು ಯುವಕರನ್ನು ಮೂರು ವಾರ ಹಾಸಿಗೆಯಿಂದ ಏಳದಂತೆ ಮಲಗಿಸಿ ನೋಡಿದರು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಕರೆಸಿ ಅಳೆದಾಗ, ಮೂರು ದಶಕಗಳ ವಯಸ್ಸು ತಿಂದುಹಾಕಿದ್ದಕ್ಕಿಂತ ಹೆಚ್ಚಿನ ಕಸುವನ್ನು ಆ ಮೂರು ವಾರಗಳ ಹಾಸಿಗೆ ತಿಂದಿತ್ತು ಎಂದು ಗೊತ್ತಾಯಿತು. ಐವತ್ತರ ಆ ಗಂಡಸರಿಗೆ ಆರು ತಿಂಗಳು ಹಂತಹಂತವಾಗಿ ತರಬೇತಿ ಕೊಟ್ಟರೆ, ವಯಸ್ಸಿನಿಂದ ಇಳಿದಿದ್ದ ಆಮ್ಲಜನಕದ ಅಳತೆ ಪೂರ್ತಿ ಮೇಲೆದ್ದಿತು. ಐದೇ ಜನರ ಮೇಲಿನ ಪ್ರಯೋಗವಾದ್ದರಿಂದ ಅದರಿಂದ ಸಾರ್ವಕಾಲಿಕ ಸೂತ್ರ ತೆಗೆಯುವುದು ಸರಿಯಲ್ಲ. ಅದೇ ಡಲ್ಲಾಸ್ ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನ ಹೆಚ್ಚು ಗಟ್ಟಿ. 45ರಿಂದ 64 ವಯಸ್ಸಿನ, ಕೂತು ಕೆಲಸ ಮಾಡುವ 53 ಮಂದಿಯಲ್ಲಿ ಒಂದು ಗುಂಪಿಗೆ ಎರಡು ವರ್ಷ ಶ್ರಮದ ವ್ಯಾಯಾಮ, ವಾರದಲ್ಲಿ ಒಂದೆರಡು ಸಲ ಜೋರಾಗಿ ಏದುಸಿರು ತರಿಸುವ ಕಂತುಗಳೂ ಸೇರಿದಂತೆ. ಇನ್ನೊಂದು ಗುಂಪಿಗೆ ಯೋಗ, ಸಮತೋಲನ ಮತ್ತು ಹಗುರ ತೂಕದ ಕಸರತ್ತು. ಮೊದಲ ಗುಂಪಿನ ಆಮ್ಲಜನಕ ಸಾಮರ್ಥ್ಯ ಶೇ 18ರಷ್ಟು ಏರಿತು, ಹೃದಯದ ಬಿಗಿತ ಗಣನೀಯವಾಗಿ ಸಡಿಲವಾಯಿತು. ಎರಡನೆಯ ಗುಂಪಿನಲ್ಲಿ ಆ ಬದಲಾವಣೆ ಕಾಣಲಿಲ್ಲ. ಯೋಗಾಭ್ಯಾಸಿಗಳು ಸಿಟ್ಟಾಗಬೇಕಿಲ್ಲ, ಯೋಗದಿಂದ ಬರುವ ಲಾಭಗಳು ಬೇರೆ. ಹೃದಯದ ಸ್ನಾಯುವನ್ನು ಹಿಗ್ಗಿಸುವ ಕೆಲಸಕ್ಕೆ ಮಾತ್ರ ಬೆವರು ಕೇಳುವ ಶ್ರಮವೇ ಬೇಕಾಯಿತು.

ಅರವತ್ತೈದು ದಾಟಿ ಶುರು ಮಾಡಿದವರಿಗೆ ಹೃದಯದ ಆ ಬಿಗಿತ ಅಷ್ಟು ಸುಲಭಕ್ಕೆ ಸಡಿಲವಾಗುವುದಿಲ್ಲ ಎಂದೂ ಅದೇ ತಂಡ ಹಿಂದೊಮ್ಮೆ ಕಂಡುಕೊಂಡಿತ್ತು. ಆದರೆ ಅದೇ ಹಿರಿಯರಲ್ಲಿ ಒಂದು ವರ್ಷದ ತರಬೇತಿಯಿಂದ ದಮ್ಮು ಮಾತ್ರ ಚೆನ್ನಾಗಿ ಏರಿತ್ತು. ಬೇಗ ಶುರು ಮಾಡಿದರೆ ಲಾಭ ಹೆಚ್ಚು, ತಡವಾಗಿ ಮಾಡಿದರೂ ನಷ್ಟವಿಲ್ಲ. ಮಾಂಸಖಂಡದ ವಿಷಯದಲ್ಲಂತೂ ತಡ ಎಂಬುದೇ ಇಲ್ಲವೇನೋ. 1990ರಲ್ಲಿ ಬಾಸ್ಟನ್ನಿನ ವೃದ್ಧಾಶ್ರಮವೊಂದರ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಭಾರ ಎತ್ತಿಸಿದಾಗ ಅವರ ತೊಡೆಯ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ಫ್ರಾನ್ಸಿನ ರಾಬರ್ಟ್ ಮಾರ್ಶಾನ್ ಎಂಬ ಅಜ್ಜ 2017ರ ಜನವರಿಯಲ್ಲಿ, 105ನೇ ವಯಸ್ಸಿನಲ್ಲಿ, ವೆಲೊಡ್ರೋಮಿನ ಮೇಲೆ ಒಂದು ಗಂಟೆಯಲ್ಲಿ 22.547 ಕಿ.ಮೀ. ಸೈಕಲ್ ತುಳಿದರು. ನಮ್ಮ ಸ್ಪ್ರಿಂಟ್ ಡ್ಯುಯಥ್ಲಾನಿನ ಸೈಕಲ್ ಭಾಗಕ್ಕಿಂತ ಅದು ಎರಡೂವರೆ ಕಿ.ಮೀ. ಹೆಚ್ಚು. 101ರಿಂದ 103ನೇ ವಯಸ್ಸಿನ ನಡುವೆ ತರಬೇತಿಯಿಂದ ಅವರ ಆಮ್ಲಜನಕ ಸಾಮರ್ಥ್ಯ ಶೇ 13ರಷ್ಟು ಏರಿದ್ದನ್ನು ವಿಜ್ಞಾನಿಗಳು ಅಳೆದು ದಾಖಲಿಸಿದ್ದಾರೆ. ಮಾರ್ಶಾನ್ ಅಪರೂಪದ ಮನುಷ್ಯ, ಒಪ್ಪೋಣ. ಆದರೆ ಅಪರೂಪದ ಮನುಷ್ಯನ ದೇಹವೂ ನೂರರಾಚೆ ಮೇಲಕ್ಕೇರಬಲ್ಲದಾದರೆ, ಅರವತ್ತೆರಡಕ್ಕೆ ಇಳಿಜಾರೊಂದೇ ದಾರಿ ಎಂದು ತೀರ್ಮಾನಿಸಲು ಆಧಾರ ಕಡಿಮೆ.

ಇಷ್ಟೆಲ್ಲ ನಿಜವಾದರೂ ಸ್ಪರ್ಧೆ ಏಕೆ, ಸುಮ್ಮನೆ ಓಡಿ ಸೈಕಲ್ ತುಳಿದರೆ ಸಾಲದೇ ಎಂದು ಕೇಳಬಹುದು. ತಾತ್ವಿಕವಾಗಿ ಸಾಕು. ವ್ಯವಹಾರದಲ್ಲಿ ಸಾಲುವುದಿಲ್ಲ. 65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಕನಿಷ್ಠ ಎರಡು ದಿನ ಸ್ನಾಯುಬಲದ ಕಸರತ್ತು, ಮೂರು ದಿನ ಸಮತೋಲನದ ಅಭ್ಯಾಸ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಈ ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಪಾಲಿಸುವವರು ಎಷ್ಟು ಜನ ಸಿಕ್ಕಾರು? ಡ್ಯುಯಥ್ಲಾನಿಗೆ ಹೆಸರು ಕೊಟ್ಟವರು ಈ ಪಟ್ಟಿಯನ್ನು ಓದದೆಯೇ ಪಾಲಿಸುತ್ತಾರೆ. ಓಟಕ್ಕೆ ದಮ್ಮು ಬೇಕು, ಸೈಕಲ್ಲಿಗೆ ತೊಡೆಯ ಬಲ ಬೇಕು, ಒಂಟಿಕಾಲಲ್ಲಿ ನಿಂತು ಶೂ ಬದಲಿಸಲು, ಓಡುತ್ತಲೇ ಸೈಕಲ್ ತಳ್ಳಿಕೊಂಡು ಹೋಗಿ ಕಾಲೆತ್ತಿ ಹತ್ತಲು ಸಮತೋಲನ ಬೇಕು. ಹತ್ತು ಸೆಕೆಂಡು ಒಂಟಿಕಾಲಲ್ಲಿ ನಿಲ್ಲಲಾಗದ ನಡುವಯಸ್ಕರು ಮತ್ತು ಹಿರಿಯರಲ್ಲಿ ಮುಂದಿನ ವರ್ಷಗಳ ಸಾವಿನ ಪ್ರಮಾಣ ಹೆಚ್ಚಿತ್ತೆಂದು ಬ್ರೆಜಿಲ್‌ನಲ್ಲಿ 1,702 ಜನರನ್ನು ನೋಡಿದ ಅಧ್ಯಯನ 2022ರಲ್ಲಿ ವರದಿ ಮಾಡಿತು. ನಿಲ್ಲಲಾಗದಿರುವುದೇ ಸಾವಿಗೆ ಕಾರಣವೆಂದು ಅದರ ಅರ್ಥವಲ್ಲ, ಆದರೆ ಅದೊಂದು ಸೂಚನೆ. ಇನ್ನು ಸ್ಪರ್ಧೆಯ ದಿನಾಂಕಕ್ಕೆ ಒಂದು ವಿಶೇಷ ಗುಣವಿದೆ: ಅದು ಮುಂದಕ್ಕೆ ಹೋಗುವುದಿಲ್ಲ. ಮಳೆ, ನೆಂಟರು, ಗೃಹಪ್ರವೇಶ, ಕ್ರಿಕೆಟ್ ಮ್ಯಾಚ್ ಎಂದು ಮುಂದೂಡಲು ಬರುವ ವಾಕಿಂಗ್ ಅಲ್ಲ ಅದು. ಜೊತೆಗೆ ಗಡಿಯಾರ ಮುಲಾಜಿಲ್ಲದ್ದು. ನಿಮ್ಮ ಇಷ್ಟದ ವೇಗವನ್ನೇ ‘ಬ್ರಿಸ್ಕ್’ ಎಂದು ಕರೆದುಕೊಳ್ಳುವ ಅವಕಾಶ ಉದ್ಯಾನದಲ್ಲಿದೆ, ಸ್ಪರ್ಧೆಯಲ್ಲಿಲ್ಲ.

ಸ್ಪರ್ಧೆಯೇ ಬೇಕೆಂದರೂ ಡ್ಯುಯಥ್ಲಾನೇ ಏಕೆ? ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ವರ್ಲ್ಡ್ 10ಕೆ ಓಟದಲ್ಲಿ ಹಿರಿಯ ನಾಗರಿಕರಿಗೆಂದೇ ಪ್ರತ್ಯೇಕ ಓಟವಿದೆ. ಅದು ಒಳ್ಳೆಯ ಹಬ್ಬ, ಆದರೆ ಬಹುಮಟ್ಟಿಗೆ ಹಬ್ಬವೇ. ಅತ್ತ ಮ್ಯಾರಥಾನ್ ಎಂದರೆ ನಾಲ್ಕೈದು ಗಂಟೆ ಒಂದೇ ಬಗೆಯ ಪೆಟ್ಟನ್ನು ಅದೇ ಮಂಡಿಗೆ, ಅದೇ ಹಿಮ್ಮಡಿಗೆ ಕೊಡುವ ಕೆಲಸ. ಈಜು, ಸೈಕಲ್, ಓಟ ಮೂರೂ ಸೇರಿದ ಟ್ರಯಥ್ಲಾನಿನ ವರ್ಚಸ್ಸು ಈಗ ದೊಡ್ಡದು. 2015ರಲ್ಲಿ ಐವತ್ತರ ಹೊಸ್ತಿಲಲ್ಲಿದ್ದ ನಟ ಮಿಲಿಂದ್ ಸೋಮನ್ ಜ್ಯೂರಿಕ್‌ನಲ್ಲಿ ಐರನ್‌ಮ್ಯಾನ್ ಎಂಬ ದೀರ್ಘ ಟ್ರಯಥ್ಲಾನ್ ಮುಗಿಸಿದಾಗ ದೇಶ ಬೆರಗಾಯಿತು. ವಿಜಯನಗರವನ್ನೂ ಒಳಗೊಂಡ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 2024ರ ಅಕ್ಟೋಬರಿನಲ್ಲಿ ಗೋವಾದ ಅರ್ಧ ಐರನ್‌ಮ್ಯಾನ್ ಪೂರೈಸಿದ್ದು ಇಲ್ಲಿನ ಕಾಫಿ ಕಟ್ಟೆಗಳಲ್ಲೂ ಸುದ್ದಿಯಾಯಿತು. ಆದರೆ ಹಿರಿಯರ ದೃಷ್ಟಿಯಿಂದ ಟ್ರಯಥ್ಲಾನಿನ ಅಪಾಯಕಾರಿ ಭಾಗ ಯಾವುದು ಎಂಬುದಕ್ಕೆ ಅಂಕಿಅಂಶವಿದೆ. 1985ರಿಂದ 2016ರವರೆಗೆ ಅಮೆರಿಕದ ಟ್ರಯಥ್ಲಾನುಗಳಲ್ಲಿ ಸಂಭವಿಸಿದ 135 ಸಾವು ಮತ್ತು ಹೃದಯ ಸ್ತಂಭನಗಳಲ್ಲಿ 90 ಈಜಿನ ಹೊತ್ತಿನಲ್ಲೇ ಆಗಿದ್ದವು. ತಣ್ಣೀರು, ನೂಕುನುಗ್ಗಲು, ಗಾಬರಿ, ದಣಿದಾಗ ನಿಲ್ಲಲು ನೆಲವಿಲ್ಲದಿರುವುದು, ನೆರವು ತಲುಪುವುದು ತಡವಾಗುವುದು ಎಲ್ಲ ಅಲ್ಲಿ ಸೇರುತ್ತವೆ. ಡ್ಯುಯಥ್ಲಾನಿನಲ್ಲಿ ಈ ಭಾಗವೇ ಇಲ್ಲ. ತಲೆ ಸುತ್ತಿದರೆ ನಿಲ್ಲಬಹುದು, ರಸ್ತೆಬದಿಯ ಕಲ್ಲಿನ ಮೇಲೆ ಕೂರಬಹುದು. ನಮ್ಮಲ್ಲಿ ಈಜು ಬಾರದ ಹಿರಿಯರೇ ಹೆಚ್ಚು ಎಂಬ ಸರಳ ಸತ್ಯವೂ ಇದೆ. ಅದೇ ಸೈಕಲ್ ಹೊಸತಲ್ಲ. ಬಿನ್ನಿ ಮಿಲ್ಲು, ಮಿನರ್ವ ಮಿಲ್ಲು, ರಾಜಾಜಿನಗರದ ಕೈಗಾರಿಕಾ ವಸಾಹತುಗಳ ಪಾಳಿಗೆ ಕ್ಯಾರಿಯರಿನಲ್ಲಿ ಊಟದ ಡಬ್ಬಿ ಸಿಕ್ಕಿಸಿಕೊಂಡು ಸೈಕಲ್ ತುಳಿದ ಪೀಳಿಗೆ ಪಶ್ಚಿಮ ಬೆಂಗಳೂರಿನದು. ಆ ಪೀಳಿಗೆಗೆ ಸೈಕಲ್ ಕಲಿಸಬೇಕಾಗಿಲ್ಲ, ನೆನಪಿಸಿದರೆ ಸಾಕು.

ಈಗ ಅತಿ ಗಂಭೀರ ಆಕ್ಷೇಪಕ್ಕೆ ಬರೋಣ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡ ಮೇಲೆ ಕರ್ನಾಟಕದಲ್ಲಿ ವ್ಯಾಯಾಮದ ಬಗೆಗಿನ ಮಾತೇ ಬದಲಾಯಿತು. ಅಷ್ಟು ಕಟ್ಟುಮಸ್ತಾದ ಅಪ್ಪುಗೇ ಹೀಗಾದರೆ ನಮ್ಮ ಗತಿಯೇನು ಎಂದು ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದರು. 2025ರಲ್ಲಿ ಹಾಸನ ಜಿಲ್ಲೆಯ ಸರಣಿ ಹೃದಯಾಘಾತದ ಸುದ್ದಿಗಳು ಅದೇ ಭಯವನ್ನು ಮತ್ತೆ ಕೆದಕಿದವು. ಭಯಕ್ಕೆ ಕಾರಣವಿಲ್ಲದಿಲ್ಲ: ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸುಮಾರು 53ರ ವಯಸ್ಸಿಗೆ, ಬೇರೆಡೆಯವರಿಗೆ ಸುಮಾರು 59ಕ್ಕೆ ಎಂದು ಇಂಟರ್‌ಹಾರ್ಟ್ ಅಧ್ಯಯನ ತೋರಿಸಿದೆ. ಮೇಲೆ ಹೇಳಿದ ಟ್ರಯಥ್ಲಾನ್ ಲೆಕ್ಕದಲ್ಲೂ ಅರವತ್ತು ದಾಟಿದ ಗಂಡಸರ ಸಾವಿನ ಪ್ರಮಾಣ ಒಟ್ಟಾರೆ ಪ್ರಮಾಣಕ್ಕಿಂತ ಹತ್ತು ಪಟ್ಟು, ಲಕ್ಷಕ್ಕೆ ಹದಿನೆಂಟರ ಮೇಲಿತ್ತು. ಇದನ್ನು ಮರೆಮಾಚಿ ಹಿರಿಯರನ್ನು ಸ್ಪರ್ಧೆಗೆ ಕರೆಯುವುದು ಅಪ್ರಾಮಾಣಿಕತೆ.

ಆದರೆ ಅಪಾಯ ಶ್ರಮದಲ್ಲಿದೆಯೋ, ರೂಢಿಯಿಲ್ಲದ ಶ್ರಮದಲ್ಲಿದೆಯೋ ಎಂದು ಬಿಡಿಸಿ ನೋಡಬೇಕು. 1993ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಪ್ರಸಿದ್ಧ ಅಧ್ಯಯನವೊಂದು ಹೃದಯಾಘಾತವಾದವರನ್ನು, ಅದಕ್ಕೆ ಮುಂಚಿನ ಒಂದು ಗಂಟೆಯಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿತ್ತು. ವಾರಕ್ಕೊಮ್ಮೆಯೂ ಮೈ ದಂಡಿಸದವರು ಏಕಾಏಕಿ ಭಾರೀ ಶ್ರಮಕ್ಕಿಳಿದಾಗ ಆ ಹೊತ್ತಿನ ಅಪಾಯ 107 ಪಟ್ಟು ಏರುತ್ತಿತ್ತು. ವಾರಕ್ಕೆ ಐದು ಅಥವಾ ಹೆಚ್ಚು ಸಲ ಶ್ರಮದ ವ್ಯಾಯಾಮ ಮಾಡುವವರಲ್ಲಿ ಅದೇ ಏರಿಕೆ 2.4 ಪಟ್ಟು ಮಾತ್ರ. ಶ್ರಮ ಒಂದೇ, ದೇಹಕ್ಕೆ ಅದರ ಪರಿಚಯವಿತ್ತೇ ಇಲ್ಲವೇ ಎಂಬುದರ ಮೇಲೆ ಫಲ ಬೇರೆ. ನಾಲ್ಕು ಸುತ್ತು ವಾಕಿಂಗ್ ಮಾತ್ರ ಬಲ್ಲ ಹಿರಿಯರು ಒಂದು ದಿನ ಬಸ್ಸು ಹಿಡಿಯಲು ಓಡುತ್ತಾರೆ, ಲಿಫ್ಟ್ ಕೆಟ್ಟಾಗ ಗ್ಯಾಸ್ ಸಿಲಿಂಡರ್ ಹೊತ್ತು ಮೂರು ಮಹಡಿ ಹತ್ತುತ್ತಾರೆ. ಏದುಸಿರಿನ ಪರಿಚಯವಿಲ್ಲದ ಹೃದಯಕ್ಕೆ ಆ ದಿನ ಎಂದಾದರೂ ಬಂದೇ ಬರುತ್ತದೆ. ಇನ್ನು ದೂರದ ಲೆಕ್ಕ: 2000ದಿಂದ 2010ರವರೆಗೆ ಅಮೆರಿಕದ ಮ್ಯಾರಥಾನ್ ಮತ್ತು ಅರೆ ಮ್ಯಾರಥಾನುಗಳಲ್ಲಿ ಓಡಿದ ಸುಮಾರು 1.09 ಕೋಟಿ ಜನರಲ್ಲಿ ಹೃದಯ ಸ್ತಂಭನವಾದದ್ದು 59 ಮಂದಿಗೆ, ಅಂದರೆ 1.84 ಲಕ್ಷಕ್ಕೆ ಒಬ್ಬರಿಗೆ. ಅದರಲ್ಲೂ ಅರೆ ಮ್ಯಾರಥಾನಿನಲ್ಲಿ ಪ್ರಮಾಣ ಪೂರ್ಣ ಮ್ಯಾರಥಾನಿನ ಸುಮಾರು ಕಾಲುಭಾಗ. ದೂರ ತಗ್ಗಿದಂತೆ ಅಪಾಯವೂ ತಗ್ಗುತ್ತದೆ ಎಂಬ ಈ ಸೂಚನೆ ಸ್ಪ್ರಿಂಟಿನ ಪರವಾಗಿದೆ.

ಹಾಗೆಂದು ವೈದ್ಯರನ್ನು ಕಾಣದೆ ಹೆಸರು ನೋಂದಾಯಿಸಬೇಡಿ. ಬಿಪಿ, ಶುಗರ್, ಕೊಲೆಸ್ಟರಾಲ್, ಮನೆತನದಲ್ಲಿ ಬೇಗ ಬಂದ ಹೃದ್ರೋಗ, ಬೀಡಿ ಸಿಗರೇಟು ಇವುಗಳಲ್ಲಿ ಯಾವುದಿದ್ದರೂ ಮೊದಲು ಇಸಿಜಿ, ವೈದ್ಯರು ಹೇಳಿದರೆ ಎಕೊ, ಟ್ರೆಡ್‌ಮಿಲ್ ಪರೀಕ್ಷೆ. ಟ್ರೆಡ್‌ಮಿಲ್ ಪಾಸಾದರೆ ಅಮರತ್ವದ ಸರ್ಟಿಫಿಕೇಟ್ ಸಿಕ್ಕಿತೆಂದಲ್ಲ. ಅಭ್ಯಾಸದ ನಡುವೆ ಎದೆ ಬಿಗಿದರೆ, ದವಡೆಗೋ ಎಡತೋಳಿಗೋ ನೋವು ಹರಿದರೆ, ಎಂದಿಲ್ಲದ ಏದುಸಿರು ಬಂದರೆ ಆ ದಿನ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಅದನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕುವ ನಮ್ಮ ಅಭ್ಯಾಸ ಓಟಕ್ಕಿಂತ ಹೆಚ್ಚು ಜೀವ ತೆಗೆದಿರಬೇಕು. ಕೈಗಡಿಯಾರದ ನಾಡಿ ಲೆಕ್ಕವನ್ನೂ ಪೂರ್ತಿ ನಂಬಬೇಡಿ. 220ರಲ್ಲಿ ವಯಸ್ಸು ಕಳೆಯುವ ಹಳೆಯ ಸೂತ್ರ ಹಿರಿಯರಿಗೆ ತಪ್ಪು ಉತ್ತರ ಕೊಡುತ್ತದೆ. 2001ರಲ್ಲಿ ಬಂದ ಪರಿಷ್ಕೃತ ಸೂತ್ರದಂತೆ 208ರಿಂದ ವಯಸ್ಸಿನ ಶೇ 70 ಕಳೆದರೆ ಅರವತ್ತೈದಕ್ಕೆ ಗರಿಷ್ಠ ನಾಡಿ ಸುಮಾರು 162, ಹಳೆಯದರಂತೆ 155. ಆದರೆ ಬಿಪಿಗೆಂದು ಮೆಟೊಪ್ರೊಲಾಲ್‌ನಂಥ ಮಾತ್ರೆ ನುಂಗುವವರಲ್ಲಿ ಎರಡೂ ಸೂತ್ರಗಳು ಕೆಲಸಕ್ಕೆ ಬಾರವು, ಏಕೆಂದರೆ ಆ ಮಾತ್ರೆಯ ಕೆಲಸವೇ ನಾಡಿಯನ್ನು ತಗ್ಗಿಸುವುದು. ಅಂಥವರಿಗೆ ಮಾತೇ ಮಾಪನ: ಪಕ್ಕದವರೊಡನೆ ಪೂರ್ತಿ ವಾಕ್ಯ ಆಡಲು ಬಂದರೆ ಹದವಾದ ಶ್ರಮ, ಎರಡು ಮೂರು ಪದಕ್ಕೇ ಉಸಿರು ಕಡಿದರೆ ಜೋರು. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಹೊರಡಬಾರದು. ಒಂದು ಏಲಕ್ಕಿ ಬಾಳೆಹಣ್ಣು ತಿಂದು, ಜೇಬಿನಲ್ಲಿ ಬೆಲ್ಲವೋ ಗ್ಲೂಕೋಸೋ ಇಟ್ಟುಕೊಂಡು ಹೋಗಬೇಕು.

ಮಂಡಿಯ ಆಕ್ಷೇಪಕ್ಕೆ ಇಷ್ಟು ಉದ್ದದ ಉತ್ತರ ಬೇಡ. ಓಡಿದರೆ ಮಂಡಿ ಸವೆಯುತ್ತದೆ ಎಂಬುದು ಕೇಳಲು ಸರಿಯೆನಿಸುತ್ತದೆ, ಅಳೆದು ನೋಡಿದರೆ ನಿಲ್ಲುವುದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯಲ್ಲಿ ಸೊಂಟ, ಮಂಡಿಯ ಕೀಲು ಸವೆತ ಹವ್ಯಾಸಿ ಓಟಗಾರರಲ್ಲಿ ಶೇ 3.5, ಓಡದೆ ಕೂತವರಲ್ಲಿ ಶೇ 10.2, ವೃತ್ತಿಪರ ಮಟ್ಟದ ಓಟಗಾರರಲ್ಲಿ ಶೇ 13.3 ಎಂದು ಕಂಡುಬಂತು. ಸ್ವಲ್ಪ ಓಡುವುದು ಒಳ್ಳೆಯದು, ಅತಿ ಒಳ್ಳೆಯದಲ್ಲ. ಮಂಡಿ ಚೆನ್ನಾಗಿರುವವರೇ ಓಡುತ್ತಾರಷ್ಟೆ ಎಂಬ ಅನುಮಾನಕ್ಕೆ ಇಲ್ಲಿ ಎಡೆಯಿದೆ, ಆದ್ದರಿಂದ ಓಟ ಮಂಡಿಗೆ ಔಷಧವೆಂದು ನಾನು ಸಾರುವುದಿಲ್ಲ. ಈಗಾಗಲೇ ಕೀಲು ಸವೆದು ನೋಯುತ್ತಿರುವವರ ಮಾತು ಬೇರೆ, ಅವರು ಮೂಳೆ ವೈದ್ಯರ ಮಾತು ಕೇಳಬೇಕು. ಉಳಿದವರಿಗೆ ಡ್ಯುಯಥ್ಲಾನಿನ ಅನುಕೂಲವೆಂದರೆ ತಯಾರಿಯ ಅರ್ಧಕ್ಕಿಂತ ಹೆಚ್ಚಿನ ಹೊತ್ತು ಸೀಟಿನ ಮೇಲೆ ಕಳೆಯುತ್ತದೆ. ದಮ್ಮು ಬೆಳೆಯುತ್ತದೆ, ಮಂಡಿಗೆ ಪೆಟ್ಟು ಬೀಳುವುದಿಲ್ಲ. ಈ ಆಟದ ವಿಚಿತ್ರ ಕಷ್ಟ ಬೇರೆಡೆ ಇದೆ. ಇಪ್ಪತ್ತು ಕಿ.ಮೀ. ತುಳಿದು ಇಳಿದ ಮೇಲೆ ಓಡಲು ಹೋದರೆ ಕಾಲು ನಮ್ಮದಲ್ಲವೆನಿಸುತ್ತದೆ, ಮೊದಲ ಕೆಲವು ನೂರು ಮೀಟರು ಮರದ ಕಾಲು ಹಾಕಿಕೊಂಡ ಹಾಗೆ. ಅದು ಕಾಯಿಲೆಯಲ್ಲ, ತುಳಿತದ ಚಲನೆಯಿಂದ ಓಟದ ಚಲನೆಗೆ ಸ್ನಾಯುಗಳು ಬದಲಾಗುವ ಗೊಂದಲ. ವಾರಕ್ಕೊಮ್ಮೆ ಸೈಕಲ್ ಇಳಿದ ತಕ್ಷಣ ಹತ್ತು ನಿಮಿಷ ನಿಧಾನಕ್ಕೆ ಓಡಿದರೆ ಕೆಲವೇ ವಾರಗಳಲ್ಲಿ ರೂಢಿಯಾಗುತ್ತದೆ. ಮೂವತ್ತರವರಿಗೆ ಮಾರನೆಯ ದಿನವೇ ಮತ್ತೆ ಜೋರು ಅಭ್ಯಾಸ ಸಾಧ್ಯ, ಅರವತ್ತರವರಿಗೆ ನಡುವೆ ಎರಡು ದಿನ ಬೇಕು. ಹಿರಿಯರು ಕೆಡುವುದು ಹೆಚ್ಚಾಗಿ ಇಲ್ಲಿಯೇ: ಅಭ್ಯಾಸದಲ್ಲಿ ಅಲ್ಲ, ವಿಶ್ರಾಂತಿಯ ಜಿಪುಣತನದಲ್ಲಿ. ತಟ್ಟೆಯ ಮಾತೂ ಇದೆ. ಅನ್ನ ಸಾರಿನ ಊಟದಲ್ಲಿ ಹಿರಿಯರ ಸ್ನಾಯುವಿಗೆ ಬೇಕಾದ ಪ್ರೋಟೀನ್ ಸಾಲುವುದಿಲ್ಲ. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಎಂಬುದು ಹಿರಿಯರಿಗೆ ತಜ್ಞರ ಸಲಹೆ. ಕಿಡ್ನಿ ತೊಂದರೆ ಇಲ್ಲದವರು ಹೆಸರುಕಾಳು, ಮೊಸರು, ಕಡಲೆ, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಇವುಗಳ ಪಾಲು ಹೆಚ್ಚಿಸಬೇಕು.

ನನ್ನನ್ನು ನಿಜಕ್ಕೂ ಅಳುಕಿಸುವ ಆಕ್ಷೇಪ ಹೃದಯದ್ದೂ ಅಲ್ಲ, ಮಂಡಿಯದ್ದೂ ಅಲ್ಲ, ರಸ್ತೆಯದು. ನೂರನೇ ವಯಸ್ಸಿನಲ್ಲಿ, 2011ರಲ್ಲಿ, ಟೊರಾಂಟೊ ಮ್ಯಾರಥಾನ್ ಓಡಿ ಮುಗಿಸಿದ ಫೌಜಾ ಸಿಂಗ್ ಅವರನ್ನು ಕೊಂದದ್ದು ಓಟವಲ್ಲ. 2025ರ ಜುಲೈನಲ್ಲಿ, 114ನೇ ವಯಸ್ಸಿನಲ್ಲಿ, ಜಲಂಧರ್ ಸಮೀಪದ ತಮ್ಮ ಹಳ್ಳಿಯಲ್ಲಿ ರಸ್ತೆ ದಾಟುವಾಗ ವಾಹನ ಗುದ್ದಿ ಅವರು ಸತ್ತರು. ಆರ್‌ಪಿಸಿ ಲೇಔಟಿನ ಒಳರಸ್ತೆಗಳ ಎರಡೂ ಬದಿಗೆ ಕಾರು ನಿಂತಿರುತ್ತವೆ, ನಡುವೆ ಹಂಪು, ಗುಂಡಿ, ಎದುರಿನಿಂದ ನುಗ್ಗುವ ಡೆಲಿವರಿ ಸ್ಕೂಟರು. ಸೈಕಲ್ ಕಂಡರೆ ಬೆನ್ನಟ್ಟುವ ನಾಯಿಗಳು ಬೇರೆ. ಕಾರ್ಡ್ ರಸ್ತೆ, ಮೈಸೂರು ರಸ್ತೆಗಳಲ್ಲಿ ಹಿರಿಯರು ವೇಗವಾಗಿ ಸೈಕಲ್ ತುಳಿಯಲಿ ಎಂದು ಹೇಳುವ ಧೈರ್ಯ ನನಗಿಲ್ಲ. ಉದ್ಯಾನದಲ್ಲಿ ಓಡೋಣವೆಂದರೆ 2024ರಲ್ಲಿ ಇಂದಿರಾನಗರದ ಉದ್ಯಾನವೊಂದು ಜಾಗಿಂಗ್ ನಿಷೇಧದ ಫಲಕ ಹಾಕಿ ನಗೆಪಾಟಲಾಗಿತ್ತು; ನಡೆಯುವವರಿಗೂ ಅಲ್ಲಿ ಒಂದೇ ದಿಕ್ಕು ಕಡ್ಡಾಯವಾಗಿತ್ತು. ಇಲ್ಲಿಂದ ಹತ್ತಿರದ ದೊಡ್ಡ ಅವಕಾಶವೆಂದರೆ ನಾಗರಭಾವಿಯ ಆಚೆಗಿನ ಜ್ಞಾನಭಾರತಿ. ಬೆಂಗಳೂರು ವಿಶ್ವವಿದ್ಯಾಲಯದ ಆ ಸಾವಿರಕ್ಕೂ ಹೆಚ್ಚು ಎಕರೆಯ ಆವರಣದಲ್ಲಿ ನೆರಳಿನ ರಸ್ತೆಗಳಿವೆ, ಏರಿಳಿತಗಳಿವೆ, ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವೂ ಅಲ್ಲೇ ಇದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ಈ ಊರಿನ ಮುಂಜಾವು, ಬೆವರುವ ಶಕ್ತಿ ಕುಗ್ಗಿದ ಹಿರಿಯ ದೇಹಕ್ಕೆ ಹೇಳಿ ಮಾಡಿಸಿದ ಹವೆ. ಆದರೆ ಅದೇ ಆವರಣದಲ್ಲಿ 2022ರ ಅಕ್ಟೋಬರಿನಲ್ಲಿ ವಿದ್ಯಾರ್ಥಿನಿಯೊಬ್ಬರು ಬಸ್ಸಿನ ಚಕ್ರಕ್ಕೆ ಸಿಕ್ಕು ಪ್ರಾಣ ಕಳೆದುಕೊಂಡರು; ಹೊರಗಿನ ವಾಹನಗಳ ಓಡಾಟ ನಿಲ್ಲಿಸಿ ಎಂದು ವಿದ್ಯಾರ್ಥಿಗಳು ಬೀದಿಗಿಳಿದರು. ವಿದ್ಯಾರ್ಥಿಗಳ ಬೇಡಿಕೆಯೂ ಹಿರಿಯ ಸೈಕಲ್ ಸವಾರರ ಹಿತವೂ ಇಲ್ಲಿ ಒಂದೇ. ಭಾನುವಾರ ಬೆಳಗ್ಗೆ ಐದರಿಂದ ಒಂಬತ್ತರವರೆಗೆ ಒಂದು ಸುತ್ತಿನ ರಸ್ತೆಯನ್ನು ಮೋಟಾರು ವಾಹನಗಳಿಂದ ಮುಕ್ತಗೊಳಿಸಿದರೆ ಖರ್ಚೂ ಇಲ್ಲ, ಯಾರ ದಾರಿಯೂ ತಪ್ಪುವುದಿಲ್ಲ. 2013ರಿಂದ ನಗರದ ಹಲವು ಬಡಾವಣೆಗಳಲ್ಲಿ ‘ಸೈಕಲ್ ಡೇ’ ನಡೆಸಿ ತೋರಿಸಿದ ಸರ್ಕಾರಕ್ಕೆ ಇದು ಹೊಸ ವಿದ್ಯೆಯೂ ಅಲ್ಲ. ಅಲ್ಲಿಯವರೆಗೆ ಹಿರಿಯರಿಗೆ ನನ್ನ ಸಲಹೆ ನೀರಸವಾದುದು: ಜೋರು ಅಭ್ಯಾಸವನ್ನು ಮನೆಯೊಳಗೆ ಟ್ರೈನರ್ ಸ್ಟ್ಯಾಂಡಿನ ಮೇಲೆ ಸೈಕಲ್ ನಿಲ್ಲಿಸಿ ಮಾಡಿ, ರಸ್ತೆಯಲ್ಲಿ ನಿಧಾನವಾಗಿ, ದೀಪ ಮತ್ತು ಹೆಲ್ಮೆಟ್ ಸಮೇತ ಹೋಗಿ.

ಇದು ದುಡ್ಡಿದ್ದವರ ಶೋಕಿ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ನೈಸ್ ರಸ್ತೆಯಲ್ಲಿ ವಾರಾಂತ್ಯಕ್ಕೆ ಕಾಣುವ ಕೆಲವು ಸೈಕಲ್ಲುಗಳ ಬೆಲೆಗೆ ಒಳ್ಳೆಯ ಸ್ಕೂಟರೇ ಬರುತ್ತದೆ. ಆದರೆ ಇಪ್ಪತ್ತು ಕಿ.ಮೀ. ದೂರದಲ್ಲಿ ದುಬಾರಿ ಸೈಕಲ್ ಉಳಿಸಿಕೊಡುವುದು ಕೆಲವೇ ನಿಮಿಷ, ಮತ್ತು ಬಹುಮಾನದ ಹಂಗಿಲ್ಲದವರಿಗೆ ಆ ನಿಮಿಷಗಳಿಂದ ಏನೂ ಆಗಬೇಕಿಲ್ಲ. ಬ್ರೇಕ್ ಹಿಡಿಯುವ, ಗೇರ್ ಬದಲಾಗುವ, ಸೀಟಿನ ಎತ್ತರ ಸರಿಯಿರುವ ಸಾಧಾರಣ ಹೈಬ್ರಿಡ್ ಸೈಕಲ್ ಸಾಕು. ಖರ್ಚು ಮಾಡುವುದೇ ಆದರೆ ಶೂ ಮತ್ತು ಹೆಲ್ಮೆಟ್ಟಿಗೆ ಮಾಡಿ. ಸೈಕಲ್ ಸ್ಪರ್ಧೆ ಸಿರಿವಂತರದು ಎನ್ನುವವರು ವಿಜಯಪುರ, ಬಾಗಲಕೋಟೆ ಕಡೆ ನೋಡಬೇಕು. ಈ ರಾಜ್ಯಕ್ಕೆ ಸೈಕಲ್ ಪದಕಗಳನ್ನು ತಂದುಕೊಟ್ಟವರು ಬಹುಪಾಲು ಆ ಬಯಲಿನ ರೈತಾಪಿ ಮನೆಗಳ ಮಕ್ಕಳು. ಹೆಂಗಸರ ಮಾತಿಗೆ ಮಾತ್ರ ನನ್ನ ಬಳಿ ಸಲೀಸಾದ ಉತ್ತರವಿಲ್ಲ. ಅಮೆರಿಕದ ಕ್ರೈಸ್ತ ಸನ್ಯಾಸಿನಿ ಮಡೋನಾ ಬ್ಯೂಡರ್ 2012ರಲ್ಲಿ 82ನೇ ವಯಸ್ಸಿನಲ್ಲಿ ಐರನ್‌ಮ್ಯಾನ್ ಮುಗಿಸಿದರೆಂದು ಹೇಳುವುದು ಸುಲಭ. ಮುಂಜಾನೆ ಐದೂವರೆಗೆ ಕಾಫಿ, ಆರೂವರೆಗೆ ಮೊಮ್ಮಕ್ಕಳ ಡಬ್ಬಿ ಎಂಬ ಪಾಳಿಯಲ್ಲಿರುವ ಅಜ್ಜಿಗೆ ಅಭ್ಯಾಸದ ಹೊತ್ತನ್ನು ಮನೆಯವರೇ ಬಿಡಿಸಿಕೊಡಬೇಕು. ತಾತ ಸೈಕಲ್ ಒರೆಸುವ ಮೊದಲು ಆ ಡಬ್ಬಿ ಕಟ್ಟುವುದನ್ನು ಕಲಿತರೆ ಇಬ್ಬರೂ ನೋಂದಾಯಿಸಬಹುದು.

ವಯಸ್ಸಿಗೆ ತಕ್ಕ ಹಾಗಿರಬೇಕು, ಹುಡುಗರ ಜೊತೆ ಪೈಪೋಟಿ ಏಕೆ ಎಂಬ ಕೊನೆಯ ಆಕ್ಷೇಪಕ್ಕೆ ಉತ್ತರ ಆಟದ ನಿಯಮದಲ್ಲೇ ಇದೆ. ಅಂತರರಾಷ್ಟ್ರೀಯ ವಯೋವರ್ಗ ಸ್ಪರ್ಧೆಗಳಲ್ಲಿ ಐದೈದು ವರ್ಷಕ್ಕೊಂದು ಗುಂಪು. ವರ್ಷದ ಡಿಸೆಂಬರ್ 31ಕ್ಕೆ ನಿಮಗೆಷ್ಟು ವಯಸ್ಸೋ ಅದೇ ನಿಮ್ಮ ಗುಂಪು. ಅರವತ್ತನಾಲ್ಕರವರು ಅರವತ್ತೈದಕ್ಕೆ ಕಾಯುವುದು, ಹೊಸ ಗುಂಪಿನಲ್ಲಿ ತಾವೇ ಕಿರಿಯರಾಗುವುದು ಈ ಆಟದ ತಮಾಷೆಗಳಲ್ಲೊಂದು. ಹುಟ್ಟುಹಬ್ಬ ಬಂದರೆ ಖುಷಿಪಡುವ ಹಿರಿಯರನ್ನು ಬೇರೆಲ್ಲಿ ಕಾಣುತ್ತೀರಿ? ನಮ್ಮಲ್ಲಿ ಎಷ್ಟೋ ಕಡೆ 45 ದಾಟಿದವರನ್ನೋ 50 ದಾಟಿದವರನ್ನೋ ಒಂದೇ ಬುಟ್ಟಿಗೆ ಹಾಕಿ ‘ವೆಟರನ್ಸ್’ ಎಂದು ಕರೆದುಬಿಡುತ್ತಾರೆ. ಅರವತ್ತೆಂಟರವರು ನಲವತ್ತೇಳರವರ ಬೆನ್ನನ್ನೇ ನೋಡುತ್ತ ಓಡಬೇಕಾಗುತ್ತದೆ. ಆಯೋಜಕರು ಇದನ್ನು ತಿದ್ದಿಕೊಳ್ಳಲಿ, ಸಮಯದ ಮಿತಿಯನ್ನು ಎರಡೂವರೆ ಗಂಟೆಗೆ ಏರಿಸಲಿ, ಸೈಕಲ್ ಮಾರ್ಗದಲ್ಲಿ ಹೃದಯಕ್ಕೆ ಆಘಾತ ಕೊಡುವ ಎಇಡಿ ಯಂತ್ರ ಮತ್ತು ಅದನ್ನು ಬಳಸಬಲ್ಲ ಒಬ್ಬರನ್ನು ಇರಿಸಲಿ. 65ರಿಂದ 69, 70ರಿಂದ 74 ಎಂಬ ಸಾಲುಗಳನ್ನು, ಗಂಡಸರಿಗೂ ಹೆಂಗಸರಿಗೂ, ಯಾರೂ ಬರದಿದ್ದರೂ ನೋಂದಣಿ ಪಟ್ಟಿಯಲ್ಲಿ ತೆರೆದಿಡಲಿ. ಮೊದಲ ವರ್ಷ ಒಬ್ಬರೇ ಬಂದರೆ ಅವರದೇ ಮೊದಲ ಬಹುಮಾನ, ಅದರಲ್ಲಿ ನಾಚಿಕೊಳ್ಳುವಂಥದ್ದು ಏನಿಲ್ಲ. ಮರುವರ್ಷ ಅದನ್ನು ಕಸಿದುಕೊಳ್ಳಲು ಪಕ್ಕದ ಕ್ರಾಸಿನಿಂದಲೇ ಯಾರಾದರೂ ಬಂದಾರು.